ನಗಿಸದೆ ಹೊರಡುವಂತಿಲ್ಲ

ಉದ್ದಣ್ಣನ ಬೆನ್ನಿಗೆ ದೊಡ್ಡ ಚೀಲ, ಸ್ಕೂಟರಿನ ಹ್ಯಾಂಡಲಿನ ಎರಡೂ ಕಡೆ ಸಣ್ಣ ಚೀಲ, ಕಾಲಸಂದಿಯಲ್ಲಿ ಯಾರದೋ ಮಿಕ್ಸಿ. ಹತ್ತಿದ ಮೆಟ್ಟಿಲುಗಳಿಗೆ ಲೆಕ್ಕವಿಲ್ಲ, ಲಿಫ್ಟ್ ನಿವಾಸಿಗಳಿಗೆ ಮಾತ್ರ. ಇಷ್ಟನ್ನೆಲ್ಲ ಅವನು ವರ್ಷಗಟ್ಟಲೆ ಹೇಗೋ ಹೊತ್ತಿದ್ದ. ಈಗ ಅದರ ಮೇಲೆ ನಗುವನ್ನೂ ಹೊರಿಸಿದ್ದರು.

ಹೊರಿಸಿದವರು ಖುಷಿ ಸಾಹೇಬರು. ಕಂಪನಿಯಲ್ಲಿ ಅವರ ಹುದ್ದೆಗೆ ಮಾರುದ್ದದ ಹೆಸರಿತ್ತು. ಪಾರ್ಸೆಲ್ ಹಂಚುವ ಹುಡುಗರ ನಾಲಿಗೆ ಹೊರಳಿದ್ದು 'ಖುಷಿ' ಅನ್ನುವಷ್ಟಕ್ಕೇ. ಗೋದಾಮಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು: "ದುಡ್ಡು ಕೊಟ್ಟ ಮೇಲೇನೇ ಗಿರಾಕಿ ಅನುಭವ ಶುರುವಾಗೋದು. ಡಬ್ಬಿ ತೆರೆದಾಗ ಅವರು ನಗಬೇಕು. ಆ ನಗು ನಮಗೆ ಬೇಕು."

ಅಂದಿನಿಂದ ಗಿರಾಕಿ ಬಾಗಿಲಲ್ಲೇ ಡಬ್ಬಿ ತೆರೆದು ನಗಬೇಕು, ಇವನು ಫೋಟೋ ತೆಗೆಯಬೇಕು. ಕಂಪನಿಯ ಆ್ಯಪ್ ಬಲು ಚುರುಕು. ಎದುರಿಗಿರುವ ಮುಖಗಳೆಲ್ಲ ನಕ್ಕರೆ ಮಾತ್ರ ಕ್ಲಿಕ್ ಅನ್ನುತ್ತಿತ್ತು. ಗಂಡ ನಕ್ಕು ಪಕ್ಕದಲ್ಲಿ ಹೆಂಡತಿ ಸಿಡುಕಿದರೆ ಅದೂ ನಡೆಯದು. ಮೂರು ಸಲ ನಗು ತಪ್ಪಿದರೆ ಕೆಲಸ ಬಂದ್.

ಉದ್ದಣ್ಣನಿಗೆ ಆಗಲೇ ಎರಡು ತಪ್ಪಿತ್ತು. ಒಬ್ಬ ಅಜ್ಜ ಹಲ್ಲಿನ ಸೆಟ್ ತೊಳೆಯಲು ಇಟ್ಟಿದ್ದರಂತೆ, ಬಾಯಿ ಬಿಡಲಿಲ್ಲ. ಇನ್ನೊಬ್ಬರು ತೂಕದ ಯಂತ್ರ ತರಿಸಿದ್ದರು, ಅಲ್ಲೇ ಹತ್ತಿ ನೋಡಿಬಿಟ್ಟರು. ಮನೆಯಲ್ಲಿ ದುಡಿಯುವವನು ಇವನೊಬ್ಬನೇ, ಹೆಂಡತಿ ತುಂಬು ಬಸುರಿ. "ನಮ್ಮ ಮದುವೇಲಿ ನಿಮ್ಮ ಪ್ಯಾಂಟ್ ಹರಿದದ್ದು ಹೇಳಿ, ನಗ್ತಾರೆ," ಅಂದಿದ್ದಳು. ಪಾಪ, ಅದನ್ನೂ ಮನೆಮನೆಗೆ ಹೇಳಿಕೊಂಡು ಬಂದಿದ್ದ.

ಆ ಮಧ್ಯಾಹ್ನ ಹೋದ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕುರ್ಚಿಗಳ ತುಂಬ ಜನ, ಆದರೆ ಮಾತಿಲ್ಲ. ಹೊರಗೆ ಬಂದ ಹೆಂಗಸಿನ ಕಣ್ಣು ಊದಿಕೊಂಡಿತ್ತು. ಉದ್ದಣ್ಣ ಡಬ್ಬಿಯ ಮೇಲಿನ ಹೆಸರು ಓದಿದ.

"ನಮ್ಮ ಯಜಮಾನರು. ನಿನ್ನೆ ಹೋಗ್ಬಿಟ್ರು," ಎಂದಳು. "ಏನು ತರ್ಸಿದ್ರೋ."

ಗೋಡೆಗೆ ಒರಗಿ ತೆರೆದಳು. ಹೆಂಗಸರು ತೊಡುವ ಮೆತ್ತನೆಯ ಚಪ್ಪಲಿ. ಅವಳ ಅಳತೆಯದೇ.

"ಹಿಮ್ಮಡಿ ನೋವು ಅಂತಿದ್ದೆ," ಅಂದಳು.

ಉದ್ದಣ್ಣ ತಲೆ ತಗ್ಗಿಸಿ ಮೆಟ್ಟಿಲ ಕಡೆ ತಿರುಗಿದ. ಫೋಟೋ ಇನ್ನೂ ಬಂದಿಲ್ಲವೆಂದು ಕೈಯಲ್ಲಿದ್ದ ಫೋನು ಕುಯ್‌ಗುಟ್ಟತೊಡಗಿತು.

"ಸಹಿ ಬೇಕೇನಪ್ಪ?"

"ಸಹಿ ಅಲ್ಲ ಅಕ್ಕ. ಫೋಟೋ. ನೀವು ನಗ್ತಾ ಇರೋದು. ಬೇಡ ಬಿಡಿ."

"ಇಲ್ದಿದ್ರೆ?"

"ಕೆಲಸ ಹೋಗುತ್ತೆ."

ಅವಳು ಒಮ್ಮೆ ಒಳಗೆ ನೋಡಿದಳು. ಕೂತವರಿಗೆ ಕಾಣದಂತೆ ಬಾಗಿಲನ್ನು ಎಳೆದುಕೊಂಡಳು. ಚಪ್ಪಲಿಯನ್ನು ಎದೆಗೆ ಹಿಡಿದು ನಕ್ಕಳು.

ಕ್ಲಿಕ್.

"ಬಂತಾ?"

"ಬಂತು ಅಕ್ಕ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಅದು ಬಿಡಲಿಲ್ಲ. ಚೀಲದಲ್ಲಿ ಇನ್ನೂ ಡಬ್ಬಿಗಳಿದ್ದವು, ಹೋದ.

ತಿಂಗಳ ಕೊನೆಗೆ ಆ ಫೋಟೋ ಬಾಗಿಲಿನಷ್ಟು ದೊಡ್ಡದಾಗಿ ಗೋದಾಮಿನ ಗೋಡೆ ಏರಿತು. ತಿಂಗಳ ಅತ್ಯುತ್ತಮ ನಗು. ಉದ್ದಣ್ಣನಿಗೆ ಬಹುಮಾನ, ಒಂದು ನೀರಿನ ಬಾಟಲಿ.

"ನೋಡಿ, ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂದಿದೆ," ಎಂದರು ಖುಷಿ ಸಾಹೇಬರು. "ಹೇಗೆ ನಗಿಸ್ದೆ, ಎಲ್ಲರಿಗೂ ಹೇಳಪ್ಪ."

"ಹಿಂದಿನ ದಿನ ಅವರ ಗಂಡ ತೀರ್ಕೊಂಡಿದ್ರು," ಅಂದ ಉದ್ದಣ್ಣ. "ನನ್ನ ಕೆಲಸ ಉಳೀಲಿ ಅಂತ ನಕ್ರು."

ಸಾಹೇಬರು ಕೆಮ್ಮಿದರು.

"ಅಂಥ ದುಃಖದಲ್ಲೂ ನಗು ತರಿಸಿದೀವಿ ಅಂದ್ರೆ, ನಮ್ಮ ಸೇವೆ ಎಂಥದ್ದು ಯೋಚ್ನೆ ಮಾಡಿ. ಬನ್ನಿ, ಎಲ್ಲರೂ ಸೇರಿ ಒಂದು ಫೋಟೋ."

ಹುಡುಗರು ಸಾಲಾಗಿ ನಿಂತರು. ಸಾಹೇಬರು ತಮ್ಮ ಫೋನಿನಲ್ಲಿ ಅದೇ ಆ್ಯಪ್ ತೆರೆದು ಮೇಜಿಗೆ ಒರಗಿಸಿಟ್ಟರು. ಓಡಿ ಬಂದು ನಡುವೆ ನಿಂತು ಹಲ್ಲು ಬಿಟ್ಟರು.

ಫೋನು ಸುಮ್ಮನಿತ್ತು.

"ನಗ್ರಪ್ಪ, ಸ್ವಲ್ಪ."

ಯಾರ ತುಟಿಯೂ ಅಲುಗಲಿಲ್ಲ. ಸಾಲಿನ ತುದಿಯಲ್ಲಿದ್ದ ಡುಮ್ಮ, ದಿನವಿಡೀ ಗಿರಾಕಿಗಳಿಗೆ ಕೋತಿಯಂತೆ ಮುಖ ಮಾಡುವವನು, ಶಾಂತವಾಗಿ ಹೇಳಿದ: "ನಿಮಗೆ ನಗು ತಪ್ಪಿದ್ದು ಇದು ಮೊದಲನೇ ಸಲ, ಸಾರ್. ಇನ್ನೂ ಎರಡು ಇದೆ."

"ಮೊದಲು ಅಕ್ಕನ ಫೋಟೋ ಇಳಿಸಿ," ಎಂದ ಉದ್ದಣ್ಣ. ಬಾಟಲಿಯನ್ನು ಮೇಜಿನ ಮೇಲಿಟ್ಟ. "ಅಲ್ಲೀವರೆಗೂ ಇಲ್ಲಿಂದ ಒಂದು ಡಬ್ಬೀನೂ ಹೊರಗೆ ಹೋಗಲ್ಲ."

ಅವನು ಮತ್ತೆ ಸಾಲಿಗೆ ಬಂದು ನಿಂತ. ಆಚೀಚೆಯವರು ಸರಿದು ಜಾಗ ಕೊಟ್ಟರು. ನಡುವೆ ಸಾಹೇಬರೊಬ್ಬರೇ ನಗುತ್ತಿದ್ದರು, ಫೋನು ಕಾಯುತ್ತಲೇ ಇತ್ತು.