ಅರ್ಧ ಸ್ವರ

"ಇಪ್ಪತ್ತಕ್ಕೆ ಸೊನ್ನೆ!" ಅಪ್ಪ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದ. "ಒಂದಾದ್ರೂ ಬರಬಾರದಾ? ಕಣ್ಮುಚ್ಚಿ ಗೀಚಿದ್ರೂ ಒಂದೆರಡು ಸರಿ ಬೀಳ್ತಿತ್ತು."

"ಗೀಚಿದ್ರೆ ಬೀಳ್ತಿತ್ತು ಅಪ್ಪ. ನಾನು ಕೇಳಿಸಿಕೊಂಡು ಬರೆದೆ. ಅದಕ್ಕೇ ಒಂದೂ ಬೀಳಲಿಲ್ಲ."

ಮಗಳು ಇನ್ನೂ ಶೂ ಬಿಚ್ಚಿರಲಿಲ್ಲ. ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆಯ ಅಂಕಪಟ್ಟಿಯನ್ನು ಕಚೇರಿಯ ಕಿಟಕಿಯಿಂದ ಇಸಿದುಕೊಂಡು ಬಸ್ಸಿಗೂ ಕಾಯದೆ ನಡೆದೇ ಬಂದಿದ್ದಳು. ಪಿಯಾನೊ ನುಡಿಸಿದ್ದಕ್ಕೆ ಎಂಬತ್ತಕ್ಕೆ ಎಪ್ಪತ್ತೊಂದು. ಆ ವರ್ಷ ಅಷ್ಟು ಅಂಕ ಬಂದವರು ಇಬ್ಬರೇ ಅಂತೆ. ಆದರೆ ಕಿವಿಯ ಪರೀಕ್ಷೆ ಅಂತ ಇನ್ನೊಂದಿದೆ. ಪರದೆಯ ಹಿಂದೆ ಯಾರೋ ಪಿಯಾನೊದ ಒಂದೊಂದೇ ಸ್ವರ ಒತ್ತುತ್ತಾರೆ, ಯಾವ ಸ್ವರ ಅಂತ ಬರೆಯಬೇಕು. ಇಪ್ಪತ್ತರಲ್ಲಿ ಎಂಟು ಸರಿಯಾಗದಿದ್ದರೆ ಮಿಕ್ಕಿದ್ದೆಲ್ಲ ಲೆಕ್ಕಕ್ಕಿಲ್ಲ. ಕಾಗದದ ಬುಡದಲ್ಲಿ 'ಆಯ್ಕೆಯಾಗಿಲ್ಲ' ಎಂಬ ಮುದ್ರೆ ಓರೆಯಾಗಿ ಬಿದ್ದಿತ್ತು.

"ಅಪ್ಪ, ನಮ್ಮನೆ ಪಿಯಾನೊ ಅರ್ಧ ಸ್ವರ ಇಳಿದಿದೆಯಾ?"

ಅಪ್ಪ ಕಾಗದ ಮಡಿಸತೊಡಗಿದ. ಎರಡು ಮಡಿಕೆ ಸಾಕಾಗಿತ್ತು, ನಾಲ್ಕು ಮಾಡಿದ.

"ಕಿವಿಯ ಪರೀಕ್ಷೆ ಬೆಳಗ್ಗೆ ಇತ್ತು. ಮಧ್ಯಾಹ್ನ ಹಾಲ್‌ನಲ್ಲಿ ನುಡಿಸೋಕೆ ಕೂತೆ. ಮೊದಲನೇ ಸ್ವರ ಒತ್ತಿದೆ, ಪಕ್ಕದ ಸ್ವರ ಕೇಳಿಸ್ತು. ಕೈ ತಪ್ಪಿತೇನೋ ಅಂತ ನೋಡಿದೆ, ಕೈ ಸರಿಯಾದ ಜಾಗದಲ್ಲೇ ಇತ್ತು. ಕಿವಿ ಇಲ್ಲದವಳ ಥರ ಬೆರಳು ನಂಬಿಕೊಂಡು ನುಡಿಸಿ ಮುಗಿಸಿದೆ. ಆಗಲೇ ಗೊತ್ತಾಯ್ತು ಬೆಳಗ್ಗೆ ಏನು ಬರೆದು ಬಂದಿದ್ದೀನಿ ಅಂತ. ಇಪ್ಪತ್ತಕ್ಕೆ ಇಪ್ಪತ್ತೂ ಅರ್ಧ ಸ್ವರ ಮೇಲೆ."

ಪಿಯಾನೊ ಶ್ರುತಿ ಮಾಡುವುದು ಅಪ್ಪನ ಕಸುಬು. ಊರಿನಲ್ಲಿ ಎಲ್ಲರೂ ಅವನನ್ನು ಟ್ಯೂನರ್ ಅಂತಲೇ ಕರೆಯುತ್ತಿದ್ದರು. ಆ ಸಂಗೀತ ಕಾಲೇಜಿನ ಹನ್ನೊಂದು ಪಿಯಾನೊಗಳನ್ನೂ ಇಪ್ಪತ್ತಾರು ವರ್ಷದಿಂದ ಅವನೇ ನೋಡಿಕೊಳ್ಳುತ್ತಿದ್ದ. ಮಗಳಿಗೆ ಸೊನ್ನೆ ಕೊಟ್ಟ ಪಿಯಾನೊಕ್ಕೆ ಶ್ರುತಿ ಮಾಡಿದವನೂ ಅವನೇ.

ಮನೆಯಲ್ಲಿದ್ದ ಪಿಯಾನೊ ಮುಚ್ಚಿಹೋದ ಒಂದು ಹೋಟೆಲಿನದು. ತಂದ ಎರಡನೇ ವರ್ಷಕ್ಕೇ ಅದರ ಮರ ಸಡಿಲವಾಗಿ, ತಂತಿ ಬಿಗಿಯುವ ಬಿರಡೆಗಳು ನಿಲ್ಲದೆ ಹಿಂದಕ್ಕೆ ತಿರುಗತೊಡಗಿದವು. ಬೇರೆಯವರ ಮನೆಯದಾಗಿದ್ದರೆ ಮರ ಬದಲಿಸಿ ಎಂದು ಹೇಳುತ್ತಿದ್ದ. ತನ್ನ ಮನೆಯದಲ್ಲವೇ, ಎಲ್ಲ ತಂತಿಗಳನ್ನೂ ಅರ್ಧ ಸ್ವರ ಸಡಿಲಿಸಿ ಸುಮ್ಮನಾದ. ಎಳೆತ ಕಡಿಮೆಯಾದ ಮೇಲೆ ಬಿರಡೆಗಳು ನಿಂತವು. ಆಗ ಮಗಳಿಗೆ ನಾಲ್ಕು ವರ್ಷ. ಸ್ಟೂಲಿನ ಮೇಲೆ ದಿಂಬು ಹಾಕಿ ಕೂರಿಸಿ ಅವನೇ ಪಾಠ ಶುರುಮಾಡಿದ್ದ.

ಆ ಹುಡುಗಿಗೆ ಅಪರೂಪದ ಕಿವಿ. ಲೋಟಕ್ಕೆ ಚಮಚ ತಾಗಿದರೂ ಅದು ಯಾವ ಸ್ವರ ಎಂದು ಹೇಳುತ್ತಿದ್ದಳು. ಮನೆಗೆ ಬಂದವರ ಮುಂದೆ ಅಪ್ಪ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಹತ್ತು ಸ್ವರ ಒತ್ತುತ್ತಿದ್ದ. ಹತ್ತಕ್ಕೆ ಹತ್ತೂ ಸರಿ. ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಅಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ರೇಡಿಯೊದಲ್ಲಿ ಎಲ್ಲ ಸ್ವರವೂ ಯಾಕೆ ಮೇಲಿದೆ ಎಂದು ಅವಳು ಏಳನೇ ವಯಸ್ಸಿನಲ್ಲಿ ಕೇಳಿದ್ದಳು. ಆ ಡಬ್ಬಾದ ಮಾತು ಕಟ್ಟಿಕೊಂಡು ನೀನೇನು ಮಾಡ್ತೀಯ ಎಂದಿದ್ದ. ಅಂದು ಎರಡು ಮಾತು ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು. ನಾಳೆ ಹೇಳಿದರಾಯಿತು ಎನ್ನುತ್ತಲೇ ಹನ್ನೊಂದು ವರ್ಷ ಕಳೆದಿದ್ದ.

"ನಾಲ್ಕು ದಿನದೊಳಗೆ ಆಕ್ಷೇಪಣೆ ಕೊಡಬಹುದು," ಎಂದಳು ಮಗಳು. "ಕಾರಣ ನಿಜ ಅಂತ ಗೊತ್ತಾದ್ರೆ ಕಿವಿಯ ಪರೀಕ್ಷೆ ಮತ್ತೆ ಮಾಡ್ತಾರೆ. ನಾನು ಬರೆದು ಕೊಡ್ತೀನಿ. ನೀವು ಬರೀ ಹೌದು ಅಂದ್ರೆ ಸಾಕು."

"ನೋಡೋಣ," ಎಂದ ಅಪ್ಪ.

ಅಡುಗೆಮನೆಯಿಂದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಕೌಂಟರಿನಲ್ಲಿ ಅವಳಿಗೆ ಕೆಲಸ. ಯಾರ ಅಂಗಿಯಲ್ಲಿ ಯಾವ ಕಲೆ ಇತ್ತು ಎಂದು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಅಭ್ಯಾಸವಾಗಿತ್ತು. ತಂತಿ ಸಡಿಲಿಸಿದ ದಿನ ಗಂಡನಿಗೆ ಟಾರ್ಚು ಹಿಡಿದವಳು ಅವಳೇ.

ನಿಜ ಹೇಳಬೇಕೆಂದರೆ ಬುಧವಾರ ಬೆಳಗ್ಗೆ ಮನೆ ಬಿಡುವಾಗ ಅಪ್ಪನಿಗೆ ಹೌದು ಎನ್ನುವ ಮನಸ್ಸೇ ಇತ್ತು. ಕಾಲೇಜಿನ ಹಾಲ್‌ನಲ್ಲಿ ಅವನು ಪಿಯಾನೊದ ಮುಚ್ಚಳ ತೆಗೆದು ಕೆಲಸಕ್ಕೆ ಕೈ ಹಚ್ಚಿದ್ದಾಗ ಪ್ರಿನ್ಸಿಪಾಲ್ ಮೇಡಂ ಮಗಳ ಅರ್ಜಿ ಹಿಡಿದುಕೊಂಡು ಬಂದರು. ಹಿಂದೆ ಮೂವರು ಅಧ್ಯಾಪಕರು ಟೀ ಲೋಟಗಳ ಜೊತೆ ಬಂದರು.

"ಇದೇನಿದು ಟ್ಯೂನರ್? ನಿಮ್ಮ ಮನೆ ಪಿಯಾನೊ ಅರ್ಧ ಸ್ವರ ಕೆಳಗಿದೆ, ಅದರಲ್ಲೇ ಕಲಿತಿದ್ದರಿಂದ ಹೀಗಾಯ್ತು ಅಂತ ಬರೆದಿದ್ದಾಳೆ ನಿಮ್ಮ ಮಗಳು. ಹೌದಾ?"

ಅಪ್ಪ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಪಿಟೀಲಿನ ಮೇಷ್ಟ್ರು ಟೀ ನೆತ್ತಿಗೇರುವ ಹಾಗೆ ನಕ್ಕರು. "ಟ್ಯೂನರ್ ಮನೆ ಪಿಯಾನೊನೇ ಬೇಸುರು ಅಂದ್ರೆ ನಮ್ಮ ಹನ್ನೊಂದರ ಗತಿ ಏನ್ರೀ ಮೇಡಂ!" ಇನ್ನಿಬ್ಬರೂ ನಕ್ಕರು. ಕೆಟ್ಟ ನಗುವೇನಲ್ಲ, ಟೀ ಹೊತ್ತಿನ ನಗು. ಲೋಟ ತೊಳೆಯುವಷ್ಟರಲ್ಲಿ ಅವರೇ ಮರೆತುಬಿಡುತ್ತಿದ್ದರು.

ಅಪ್ಪನ ಕಿವಿ ಬಿಸಿಯಾಯಿತು.

"ಇಲ್ಲ ಮೇಡಂ," ಎಂದ. "ನಮ್ಮನೆ ಪಿಯಾನೊ ಶ್ರುತಿ ಸರಿಯಾಗೇ ಇದೆ. ಹುಡುಗಿ, ಏನೋ ಬೇಜಾರಲ್ಲಿ ಬರೆದಿದ್ದಾಳೆ."

"ಆದ್ರೂ ಆಕ್ಷೇಪಣೆ ಬಂದ ಮೇಲೆ ನೋಡಲೇಬೇಕು. ಶನಿವಾರ ಬರ್ತೀನಿ. ಐದು ನಿಮಿಷದ ಕೆಲಸ."

"ಧಾರಾಳವಾಗಿ ಬನ್ನಿ," ಎಂದ ಅಪ್ಪ.

ಶುಕ್ರವಾರ ರಜೆ ಹಾಕಿದ. ಬೆಳಗಿನ ತಿಂಡಿಯ ತಟ್ಟೆ ಎತ್ತಿದ್ದೇ ತಡ, ಪಿಯಾನೊದ ಎದುರಿನ ಹಲಗೆ ಬಿಚ್ಚಿ ಗೋಡೆಗೆ ಒರಗಿಸಿದ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾಳೆ ಬರುವವರಿಗೆ ಧೂಳು ಒರೆಸುತ್ತಿದ್ದಾನೆ ಎಂದುಕೊಂಡಿದ್ದಳು ಪಾಪ. ಅವನು ಸುತ್ತಿಗೆ ತೆಗೆದು ಬಿರಡೆಗಳಿಗೆ ಒಂದೊಂದು ಏಟು ಕೊಟ್ಟು ಮರದೊಳಕ್ಕೆ ಇಳಿಸತೊಡಗಿದಾಗ ಅರ್ಥವಾಯಿತು.

"ಅಪ್ಪ, ಏರಿಸ್ತಿದ್ದೀರಾ?"

"ಸುಮ್ನೆ ಬಂದು ಈ ಉಣ್ಣೆಪಟ್ಟಿ ಹಿಡ್ಕೋ."

"ಹೇಗಿದೆಯೋ ಹಾಗೇ ಇರ್ಲಿ ಅಪ್ಪ. ಅವರು ಕೇಳಬೇಕಾಗಿರೋದು ಇದನ್ನೇ ಅಲ್ವಾ?"

"ಶ್ರುತಿ ಇಳಿದ ಪಿಯಾನೊ ಇಟ್ಕೊಂಡಿದ್ದೀನಿ ಅಂತ ಕಾಲೇಜಿನ ಮುಂದೆ ನನ್ನ ಮಾನ ಹರಾಜು ಹಾಕ್ಬೇಕಾ? ಇವತ್ತು ಅವರು ನಗ್ತಾರೆ, ನಾಳೆ ಇನ್ನೊಬ್ಬ ಟ್ಯೂನರ್‌ನ ಕರೀತಾರೆ. ಆಮೇಲೆ ಈ ಮನೆ ನಡೆಸೋದು ಯಾರು, ನೀನಾ?"

"ಇಳಿದಿಲ್ಲ ಅಂತ ಆಗಲೇ ಹೇಳಿಬಿಟ್ರಾ?"

ಅವನು ಸ್ಪ್ಯಾನರನ್ನು ಮೊದಲ ಬಿರಡೆಗೆ ಸಿಕ್ಕಿಸಿ ತಿರುವಿದ.

ಪಿಯಾನೊದ ಒಂದೊಂದು ಸ್ವರಕ್ಕೆ ಮೂರು ಮೂರು ತಂತಿ. ಒಂದನ್ನು ಏರಿಸುವಾಗ ಪಕ್ಕದ ಎರಡು ಸದ್ದು ಮಾಡದಂತೆ ಉಣ್ಣೆಪಟ್ಟಿ ಒತ್ತಿ ಹಿಡಿಯಬೇಕು. ಚಿಕ್ಕಂದಿನಿಂದ ಆ ಕೆಲಸ ಅವಳದೇ. ಇವತ್ತೂ ಅವಳೇ ಹಿಡಿದಳು. ಯಾಕೆ ಹಿಡಿದಳು ಎಂದರೆ, ಹದಿನಾಲ್ಕು ವರ್ಷದಿಂದ ಅಪ್ಪ ಹಿಡಿ ಎಂದಾಗ ಹಿಡಿದಿದ್ದಳು, ಬೇರೆ ಏನು ಮಾಡಬೇಕೆಂದು ಅವಳ ಕೈಗೆ ಗೊತ್ತಿರಲಿಲ್ಲ. ತಂತಿ ಬಿಗಿಯಾಗುತ್ತ ಹೋದ ಹಾಗೆ ಸ್ವರ ನರಳಿಕೊಂಡು ಮೇಲೇರುತ್ತಿತ್ತು. ಒಂದೊಂದು ತಂತಿಯೂ ಅವಳ ಪರವಾಗಿ ಸಾಕ್ಷಿ ಹೇಳುವುದಕ್ಕೆಂದೇ ಉಳಿದಿದ್ದದ್ದು, ಅವಳೆದುರೇ ಮಾತು ಬದಲಿಸುತ್ತಿತ್ತು. ಇನ್ನೂರಕ್ಕೂ ಹೆಚ್ಚು ತಂತಿಗಳು. ಮಧ್ಯಾಹ್ನದವರೆಗೆ ಅವಳು ಅಳಲಿಲ್ಲ.

"ಅಮ್ಮ, ನೀನಾದ್ರೂ ಹೇಳು," ಎಂದಳು ಊಟದ ಹೊತ್ತಿಗೆ.

"ಎರಡು ತುತ್ತು ತಿನ್ನು ಮರಿ," ಎಂದಳು ಅಮ್ಮ.

ಸಂಜೆಯಷ್ಟೊತ್ತಿಗೆ ಮೇಲಿನ ಸಾಲಿನಲ್ಲಿ ಒಂದು ತಂತಿ ಕಡಿದು ಅಪ್ಪನ ಮುಂಗೈ ಸೀಳಿತು. ರಕ್ತ ಚೀಪಿಕೊಂಡು, ತುಂಡು ತಂತಿಯನ್ನು ಸುತ್ತಿ ಕಿಸೆಗೆ ಹಾಕಿಕೊಂಡು, ಮತ್ತೆ ಮೊದಲ ಬಿರಡೆಯಿಂದ ಶುರುಮಾಡಿದ. ಒಂದೇ ಸುತ್ತಿನಲ್ಲಿ ಮುಗಿಯುವ ಕೆಲಸವಲ್ಲ ಅದು. ಮೂರು ಸುತ್ತು ಏರಿಸಿದ. ಅವನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಇನ್ನಾವ ಪಿಯಾನೊಕ್ಕೂ ಶ್ರುತಿ ಮಾಡಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಪ್ರಿನ್ಸಿಪಾಲ್ ಮೇಡಂ ಬಂದರು. ಒಳ್ಳೆಯ ಹೆಂಗಸು. ಚಪ್ಪಲಿ ಹೊರಗೆ ಬಿಟ್ಟು, ಕೊಟ್ಟ ಟೀ ಪೂರ್ತಿ ಕುಡಿದು, ಚೀಲದಿಂದ ಟ್ಯೂನಿಂಗ್ ಫೋರ್ಕ್ ತೆಗೆದು ಮಂಡಿಗೆ ತಟ್ಟಿ ಕಿವಿಯ ಹತ್ತಿರ ಹಿಡಿದರು. ಇನ್ನೊಂದು ಕೈಯಿಂದ ಪಿಯಾನೊದ 'ಎ' ಸ್ವರ ಒತ್ತಿದರು. ಎರಡೂ ಒಂದೇ ಸ್ವರ. ಮೇಲೆ ಕೆಳಗೆ ಇನ್ನೂ ಐದಾರು ಕಡೆ ಒತ್ತಿ ನೋಡಿದರು.

"ಇಷ್ಟು ಹಳೇ ಪಿಯಾನೊನ ಎಷ್ಟು ಚೆನ್ನಾಗಿ ಇಟ್ಟಿದ್ದೀರಿ ಟ್ಯೂನರ್!"

ಅಪ್ಪನ ಮುಖ ಅರಳಿತು. ಎಷ್ಟು ಬೇಡವೆಂದರೂ ಅರಳಿತು.

ಮೇಡಂ ಮಗಳ ಕಡೆ ತಿರುಗಿದರು. "ಏನಮ್ಮ, ನೀನೇನಾದ್ರೂ ಹೇಳೋದಿದೆಯಾ?"

"ನಿನ್ನೆ ಏರಿಸಿದ್ರು ಮೇಡಂ," ಎಂದಳು ಮಗಳು. "ಬೆಳಗ್ಗೆಯಿಂದ ಸಂಜೆವರೆಗೆ. ನಾನೇ ಉಣ್ಣೆಪಟ್ಟಿ ಹಿಡಿದಿದ್ದೆ. ಅಪ್ಪನ ಕೈ ನೋಡಿ."

ಮೇಡಂ ಅಪ್ಪನನ್ನು ನೋಡಿದರು. ಅಪ್ಪ ನಕ್ಕ. ಗಿರಾಕಿಗಳ ಮನೆಯಲ್ಲಿ ಮಕ್ಕಳು ಪಿಯಾನೊದೊಳಗೆ ಪೆನ್ಸಿಲ್ ಹಾಕಿದಾಗ ಅವನು ನಗುತ್ತಿದ್ದ ಸೌಮ್ಯವಾದ ನಗು ಅದು.

"ಕೈ ಮೊನ್ನೆ ಗಾಜು ತಾಗಿ ಹೀಗಾಯ್ತು ಮೇಡಂ. ಒಂದೇ ದಿನದಲ್ಲಿ ಅರ್ಧ ಸ್ವರ, ಅದೂ ಈ ವಯಸ್ಸಿನ ಪಿಯಾನೊಕ್ಕೆ! ತಂತಿ ಉಳಿಯತ್ತಾ? ನಿಮಗೆ ಗೊತ್ತಿಲ್ದೇ ಇರೋದೇನಿದೆ."

ಕಸುಬು ಬಲ್ಲವನ ಮಾತು. ಮೇಡಂ ತಲೆಯಾಡಿಸಿದರು. ಆದರೂ ನ್ಯಾಯವಾಗಿ ನಡೆದುಕೊಳ್ಳುವ ಹೆಂಗಸಾದ್ದರಿಂದ ಅಡುಗೆಮನೆ ಬಾಗಿಲಲ್ಲಿದ್ದ ಅಮ್ಮನನ್ನೂ ಕೇಳಿದರು. "ನೀವು ಹೇಳಿಮ್ಮ. ನಿನ್ನೆ ಇಲ್ಲಿ ಏನಾದ್ರೂ ಕೆಲಸ ನಡೀತಾ?"

ಮಗಳು ಅಮ್ಮನ ಮುಖವನ್ನೇ ನೋಡಿದಳು. ಇಡೀ ಪ್ರಪಂಚದಲ್ಲಿ ಅವಳಿಗೆ ಉಳಿದಿದ್ದದ್ದು ಆ ಒಂದು ಮುಖ.

"ನಾನು ನಿನ್ನೆ ಅಂಗಡಿಗೆ ಹೋಗಿದ್ದೆ ಮೇಡಂ," ಎಂದಳು ಅಮ್ಮ. ಸೆರಗಿಗೆ ಕೈ ಒರೆಸಿಕೊಂಡಳು. "ನಂಗೆ ಸಂಗೀತ ಎಲ್ಲ ಗೊತ್ತಾಗಲ್ಲ."

ಮೇಡಂ ಎದ್ದು ಬಂದು ಮಗಳ ಭುಜದ ಮೇಲೆ ಕೈಯಿಟ್ಟರು. ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು. "ಎಪ್ಪತ್ತೊಂದು ಬಂದಿದೆ ನಿಂಗೆ, ಬೆರಳು ಬಂಗಾರ. ಕಿವಿ ಎಲ್ಲರಿಗೂ ಇರಲ್ಲ, ಅದು ತಪ್ಪಲ್ಲ. ಆದ್ರೆ ತಪ್ಪನ್ನ ಹೆತ್ತ ಅಪ್ಪನ ಮೇಲೆ ಹಾಕ್ತೀಯಲ್ಲ, ಅದು ತಪ್ಪು."

ಹೋಗುವ ಮುಂಚೆ ಅವರು ನಿಂತ ಹಾಗೇ ಒಂದು ಕೀ ಒತ್ತಿ ಕೇಳಿದರು. "ನೋಡದೇ ಹೇಳು ನೋಡೋಣ, ಇದೇನು?"

ಅದು 'ಸಿ' ಎಂದು ಮಗಳಿಗೆ ಗೊತ್ತಿತ್ತು. ಕೇಳಿಸಿದ್ದರಲ್ಲಿ ಅರ್ಧ ಕಳೆದರೆ ಸರಿ ಉತ್ತರ. ಮೂರು ದಿನದಿಂದ ಮನಸ್ಸಿನಲ್ಲೇ ಹಾಗೆ ಕಳೆದು ಕಳೆದು ರೂಢಿ ಮಾಡಿಕೊಂಡಿದ್ದಳು. ಆದರೆ ಈಗ ಸರಿಯಾಗಿ ಹೇಳಿದರೆ ಅರ್ಜಿ ಸುಳ್ಳು, ತಪ್ಪಾಗಿ ಹೇಳಿದರೆ ಕಿವಿ ಸುಳ್ಳು.

"ಸಿ ಶಾರ್ಪ್," ಎಂದಳು, ಅರ್ಧ ಸ್ವರ ಮೇಲೆ.

ಮೇಡಂ ನಿಟ್ಟುಸಿರು ಬಿಟ್ಟು ಚಪ್ಪಲಿ ಮೆಟ್ಟಿಕೊಂಡರು. ಅಪ್ಪ ಬೀದಿಯ ತಿರುವಿನವರೆಗೂ ಹೋಗಿ ಬೀಳ್ಕೊಟ್ಟು ಬಂದ.

ಆಕ್ಷೇಪಣೆ ವಜಾ ಆಯಿತೆಂದು ಕಾಗದ ಬಂತು. ಅಮ್ಮ ಹೇಳಿಸಿದ್ದರಿಂದ ಮಗಳಿಗೆ ಅದೇ ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಚೀಟಿ ಅಂಟಿಸುವ ಕೆಲಸ ಸಿಕ್ಕಿತು. ಅಲ್ಲಿ ದಿನವಿಡೀ ತಿರುಗುವ ಒಗೆಯುವ ಯಂತ್ರ ಯಾವ ಸ್ವರದಲ್ಲಿದೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮನೆಯಲ್ಲಿ ಅಪ್ಪನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅಪ್ಪನೂ ಮೊದಮೊದಲು ಅವಳಿಗೆ ಅಂತ ಬಿಸ್ಕತ್ತು, ಹಣ್ಣು ತರುತ್ತಿದ್ದ. ಆಮೇಲೆ ಬಿಟ್ಟ.

ಅಷ್ಟರಲ್ಲಿ ಪಿಯಾನೊ ಇಳಿಯತೊಡಗಿತ್ತು. ಆ ಮರಕ್ಕೆ ಆ ಎಳೆತ ತಡೆಯುವ ಶಕ್ತಿ ಎಲ್ಲಿತ್ತು, ಬಿರಡೆಗಳು ತಾವೇ ತಾವಾಗಿ ಹಿಂದಕ್ಕೆ ತಿರುಗುತ್ತಿದ್ದವು. ಅಪ್ಪನಿಗೆ ಅದು ಮೊದಲ ವಾರದಲ್ಲೇ ಕೇಳಿಸಿತ್ತು. ಮತ್ತೆ ಏರಿಸಲು ಅವನಿಗೆ ಧೈರ್ಯವಿರಲಿಲ್ಲ, ಬೀಗ ಹಾಕಲು ಅಷ್ಟೂ ಇರಲಿಲ್ಲ. ಮಗಳು ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನಿಂತುಕೊಂಡೇ ಒಂದೇ ಒಂದು ಕೀ ಒತ್ತುತ್ತಿದ್ದಳು. ಕೇಳಿಸಿಕೊಂಡು, ಎಷ್ಟು ಇಳಿಯಿತೆಂದು ಹೇಳುತ್ತಿದ್ದಳು. ದನಿ ಏರಿಸುತ್ತಿರಲಿಲ್ಲ. ಮಾಪನ ಯಂತ್ರಕ್ಕೂ ಅಷ್ಟು ನಿಖರವಾಗಿ ಹೇಳಲು ಆಗುತ್ತಿರಲಿಲ್ಲ ಎಂಬುದು ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು.

ಕಾಲೇಜು ತೆರೆಯುವ ದಿನ ಅಪ್ಪ ಬೇಗ ಎದ್ದ. ಹನ್ನೊಂದು ಪಿಯಾನೊಗಳನ್ನೂ ಹೊಸ ಮಕ್ಕಳು ಬರುವ ಮೊದಲು ಒಂದು ಸಲ ನೋಡಬೇಕಿತ್ತು. ಚೀಲ ಹೆಗಲಿಗೇರಿಸಿ ಶೂ ಹಾಕಿಕೊಂಡು ಬಾಗಿಲು ತೆರೆಯುವಾಗ ಒಳಗೆ ಮಗಳು 'ಎ' ಒತ್ತಿದಳು.

"ಅರ್ಧ ಸ್ವರಕ್ಕೆ ಇನ್ನು ಕೂದಲೆಳೆಯಷ್ಟಿದೆ ಅಪ್ಪ," ಎಂದಳು.

ಅವಳ ಬೆರಳು ಕೀ ಮೇಲೆಯೇ ಇತ್ತು. ಅಪ್ಪ ತಿರುಗಿ ನೋಡಲಿಲ್ಲ. ಬಾಗಿಲ ಚಿಲಕ ಹಿಡಿದುಕೊಂಡು, ಸ್ವರ ಪೂರ್ತಿ ಅಡಗುವವರೆಗೂ ಅಲ್ಲೇ ನಿಂತಿದ್ದ.