ಅಕ್ಕ ಸೇರಿಸಿದ ನಾಲ್ಕು ಸಾಲು

ಟೀಚರ್ ಕೈ ಚಾಚುವಷ್ಟರಲ್ಲಿ ಕಾಗದದ ಕಟ್ಟು ಹುಡುಗಿಯ ಕಂಕುಳು ಸೇರಿಯಾಗಿತ್ತು.

“ಎಲ್ಲರ ಹಸ್ತಪ್ರತಿ ವಾಪಸ್ ಕೊಡ್ತಿದೀನಿ, ನಿಮ್ದು ಮಾತ್ರ ಆಮೇಲೆ ಆಂಟಿ. ಗಾಡಿ ಹೊರಡೋ ಮುಂಚೆ ನಿಮ್ಮ ಕತೆಯ ಕೊನೇ ಪುಟ ಓದ್ಬೇಕು ಅಂತಿದೀನಿ. ಅತ್ತೆಗೆ ಅದಂದ್ರೆ ಪ್ರಾಣ.”

“ಪುಸ್ತಕ ಇದ್ಯಲ್ಲಮ್ಮ, ಅದ್ರಲ್ಲೇ ಓದು.”

“ಬೇಡ, ನಿಮ್ಮ ಕೈಬರಹದಲ್ಲೇ ಇರಲಿ. ಎಲ್ಲರದ್ದೂ ಅತ್ತೆ ಎಷ್ಟು ಜೋಪಾನವಾಗಿ ಇಟ್ಟಿದಾರೆ ನೋಡಿ.”

ಟೀಚರ್ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಆ ಜೋಪಾನವೇ ಈಗ ಅವಳ ಕುತ್ತಿಗೆಗೆ ಬಂದಿತ್ತು.

ಹುಡುಗಿಯ ಅತ್ತೆ, ನಡುಮನೆಯಲ್ಲಿ ಹೆಣವಾಗಿ ಮಲಗಿದ್ದವಳು, ಊರಿನ ಬರೆಯುವ ಹೆಂಗಸರಿಗೆಲ್ಲ ಅಕ್ಕ. ಹಗಲು ವಕೀಲರ ಆಫೀಸಿನಲ್ಲಿ ಟೈಪಿಸ್ಟ್. ಸಂಜೆ ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹೆಂಗಸರ ತ್ರೈಮಾಸಿಕ. ದೊಡ್ಡ ಪ್ರಕಾಶಕರು ಮೂಸಿಯೂ ನೋಡದ ಕತೆ ಕವಿತೆಗಳನ್ನು ಟೈಪು ಮಾಡಿ, ಪಿನ್ನು ಹೊಡೆದು, ಚೀಲದಲ್ಲಿ ಹೊತ್ತು ಪುಸ್ತಕದಂಗಡಿಗಳಿಗೆ ಹಂಚಿ ಬರುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಂದು ಸಂಚಿಕೆಯೂ ತಪ್ಪಲಿಲ್ಲ. ಒಂದರಲ್ಲೂ ಅವಳ ಹೆಸರಿರಲಿಲ್ಲ.

“ಯಾಕೆ ಹಿಂಗೆ ಬೆವರ್ತಿದೀಯ?” ಪಕ್ಕದಲ್ಲಿದ್ದ ನರ್ಸು ಕೇಳಿದಳು. ಅವಳು ಕವಿತೆ ಬರೆಯುವವಳು.

“ಸೆಕೆ.”

“ಸೆಕೆ ಎಲ್ಲಿಂದ ಬಂತು? ನಾನು ಸ್ವೆಟರ್ ಹಾಕ್ಕೊಂಡು ನಡುಗ್ತಿದೀನಿ.”

ಹಾಗೆ ಹೇಳುವಾಗ ನರ್ಸು ತನಗೆ ಸಿಕ್ಕಿದ ಕಟ್ಟನ್ನು ಬ್ಯಾಗಿನ ತಳಕ್ಕೆ ತುರುಕುತ್ತಿದ್ದಳು. ಟೀಚರ್ ಅದನ್ನು ನೋಡಿದರೂ ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

*

ಹನ್ನೆರಡು ವರ್ಷದ ಹಿಂದೆ, ಹೊಸ ಸಂಚಿಕೆ ಹಿಡಿದು ಟೀಚರ್ ಆ ಕೋಣೆಯ ಮೆಟ್ಟಿಲು ಹತ್ತಿದ್ದಳು.

“ಅಕ್ಕಾ, ನನ್ನ ಕತೆ ಕೊನೇಲಿ ಈ ನಾಲ್ಕು ಸಾಲು ಏನು? ನಾನು ಬರೆದಿಲ್ಲ ಇದನ್ನ.”

ಅಕ್ಕ ಕನ್ನಡಕ ಏರಿಸಿ ನೋಡಿದಳು. “ಪುಟದಲ್ಲಿ ಜಾಗ ಉಳಿದಿತ್ತು ಕಣೆ. ಕೈ ಹಾಗೇ ಹೋಗ್ಬಿಡ್ತು. ತಪ್ಪಾಯ್ತು, ಮುಂದಿನ ಸಂಚಿಕೇಲಿ ತಿದ್ದುಪಡಿ ಹಾಕ್ತೀನಿ.”

ಅಂದು ಬೆಳಿಗ್ಗೆಯೇ ಮೂವರು ಟೀಚರನ್ನು ತಡೆದು ಕೊನೆಯನ್ನು ಹೊಗಳಿದ್ದರು. “ಇರಲಿ ಬಿಡಿ,” ಎಂದಳು. ಆಮೇಲೆ ನಾಚಿಕೆ ಮುಚ್ಚಿಕೊಳ್ಳಲು, “ನೀವೇ ಯಾಕೆ ಬರೀಬಾರ್ದು?” ಎಂದು ಕೇಳಿದಳು.

“ನಂಗೆ ಶುರು ಮಾಡೋಕೇ ಬರಲ್ಲ,” ಎಂದು ಅಕ್ಕ ನಕ್ಕು ಟೈಪ್‌ರೈಟರಿಗೆ ಮುಂದಿನ ಹಾಳೆ ಸಿಕ್ಕಿಸಿದಳು.

ಬಹುಮಾನ ಬಂತು. ಕಾಲೇಜು ಹುಡುಗಿಯರು ಆ ನಾಲ್ಕು ಸಾಲನ್ನು ಬಾಯಿಪಾಠ ಮಾಡಿದರು. ಟೀಚರ್ ಸಭೆ ಸಭೆಯಲ್ಲೂ ಅದು ತನ್ನದೇ ಎಂಬಂತೆ ತಲೆಯಾಡಿಸಿದಳು.

*

“ಡ್ರೈವರ್ ಅವಸರ ಮಾಡ್ತಿದಾನೆ,” ಅಕ್ಕನ ತಮ್ಮ ಬಾಗಿಲಲ್ಲಿ ನಿಂತು ಮಗಳಿಗೆ ಹೇಳಿದ. “ಓದೋದಿದ್ರೆ ಬೇಗ ಓದಿ ಮುಗಿಸು.”

ಹೊರಗೆ ಶವದ ಗಾಡಿಯ ಎಂಜಿನ್ ಗುರ್ರೆನ್ನುತ್ತಿತ್ತು. ಹುಡುಗಿ ಕಟ್ಟು ಬಿಚ್ಚಿದಳು.

“ಕೊಡಮ್ಮ, ನಾನೇ ಓದ್ತೀನಿ,” ಎಂದು ಟೀಚರ್ ಹೆಚ್ಚುಕಡಿಮೆ ಕಿತ್ತುಕೊಂಡಳು.

ಬಚಾವಾದೆ ಅನ್ನಿಸಿತು. ಆ ಸಾಲು ಹಾಳೆಯಲ್ಲಿ ಇಲ್ಲದಿದ್ದರೇನು, ಬಾಯಿಪಾಠವಾಗಿದೆ. ಹಾಳೆ ನೋಡುತ್ತಲೇ ಹೇಳಿಬಿಟ್ಟರೆ ಯಾರಿಗೆ ಗೊತ್ತಾಗಬೇಕು? ಓದತೊಡಗಿದಳು. ಗಂಡನ ಮನೆ ಬಿಡುವ ಹೆಂಗಸು ಚೀಲ ತುಂಬಿಕೊಂಡಳು, ಕಿಟಕಿ ಮುಚ್ಚಿದಳು. “ಬಾಗಿಲಿಗೆ ಬೀಗ ಹಾಕಿ ಹೊರಟಳು.”

ಅಲ್ಲಿಂದ ಕೆಳಗೆ ಹಾಳೆ ಖಾಲಿ.

ತಲೆಯೆತ್ತಿದಳು. ಮುಂದಿನ ಸಾಲಿಗಾಗಿ ಹೆಂಗಸರ ತುಟಿಗಳು ಆಗಲೇ ಅಲುಗುತ್ತಿದ್ದವು. ನಡುವೆ ಅಕ್ಕ ಮಲಗಿದ್ದಳು. ಇನ್ನರ್ಧ ಗಂಟೆಗೆ ಇವಳು ಎಲ್ಲೂ ಇರುವುದಿಲ್ಲ, ಒಂದು ಹಾಳೆಯ ಮೇಲೂ ಇರುವುದಿಲ್ಲ. ಟೀಚರಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೆದರಿಕೆಯೂ ಹೋಗಿರಲಿಲ್ಲ.

“ನಾನು ಬರೆದದ್ದು ಇಷ್ಟೇ,” ಎಂದಳು. “ಮುಂದಿಂದು ಅಕ್ಕಂದು.”

ಅವಳು ಹಾಳೆ ಮಡಿಚಿ ಅಕ್ಕನ ಮುಖ ನೋಡುತ್ತ ಹೇಳಿದಳು:

“ತಿರುವಿನವರೆಗೆ ಹೋದವಳು ವಾಪಸ್ ಬಂದಳು. ಬೀಗ ಎಳೆದು ನೋಡಿದಳು. ಹಾಕಿತ್ತು. ಮತ್ತೆ ಹೊರಟಳು.”

ಯಾರಾದರೂ ಬೈಯಲಿ ಎಂದು ಟೀಚರ್ ಕಾದಳು. ಬೆನ್ನ ಹಿಂದೆ ಬ್ಯಾಗಿನ ಜಿಪ್ಪು ಎಳೆದ ಸದ್ದಾಯಿತು. ನರ್ಸು ತನ್ನ ಕಟ್ಟು ಹಿಡಿದು, ಯಾರನ್ನೂ ನೋಡದೆ, “ನಂದ್ರಲ್ಲೂ ಅಕ್ಕನ ಸಾಲಿದೆ,” ಎಂದು ಅವಳ ಹಿಂದೆ ಬಂದು ನಿಂತಳು. ನರ್ಸಿನ ಹಿಂದೆ ಇನ್ನೊಬ್ಬಳು ಬಂದಳು. ಗೋಡೆಗೊರಗಿ ಕೂತಿದ್ದ ಮುದುಕಿಯೊಬ್ಬಳು ಮೊಣಕಾಲು ಹಿಡಿದು ಏಳತೊಡಗಿದಳು.

ಅಕ್ಕನ ತಮ್ಮ ಬಾಗಿಲ ತನಕ ಬೆಳೆದ ಹೆಂಗಸರ ಸಾಲನ್ನು ನೋಡಿದ. ಆಮೇಲೆ ಹೊರಗೆ ತಿರುಗಿ, ಎಂಜಿನ್ ನಿಲ್ಲಿಸುವಂತೆ ಡ್ರೈವರನಿಗೆ ಕೈಸನ್ನೆ ಮಾಡಿದ.