ಒಳಗೆ ತೆರೆಯುವ ಬಾಗಿಲು

ನಮ್ಮ ಶಾಲೆಗೆ ಎರಡು ಅಂತಸ್ತಿನ ಹೊಸ ಕಟ್ಟಡ ಮಂಜೂರಾಯಿತು. ಕಟ್ಟುವ ಮೇಸ್ತ್ರಿ ನನ್ನ ತಮ್ಮನೇ. ಎಂಜಿನಿಯರಿಗೆ ತೋರಿಸಲು ಅವನು ಪೆನ್ಸಿಲಿನಲ್ಲಿ ಬರೆದ ನಕ್ಷೆ ನೋಡಿ ತಲೆ ತಲೆ ಚಚ್ಚಿಕೊಂಡೆ. ಇಪ್ಪತ್ತು ವರ್ಷದಿಂದ ಅಲ್ಲಿ ಗಂಟೆ ಹೊಡೆಯುವ ಆಯಾ ನಾನು. ಗಂಟೆ ಹೊಡೆದರೆ ಮಕ್ಕಳು ಹೇಗೆ ನುಗ್ಗುತ್ತಾರೆಂದು ನನ್ನ ಮೊಣಕೈಗೇ ಗೊತ್ತು.

"ಏನೋ ಇದು? ಕ್ಲಾಸಿನ ಬಾಗಿಲೆಲ್ಲ ಒಳಗಡೆ ತೆರೆಯುತ್ತಲ್ಲ?"

"ಮನೆ ಬಾಗಿಲು ಹಾಗೇ ತಾನೇ ಅಕ್ಕ? ಅರವತ್ತು ಮನೆ ಕಟ್ಟಿದ್ದೀನಿ, ಒಬ್ಬರೂ ಚಕಾರ ಎತ್ತಿಲ್ಲ."

"ಮನೇಲಿ ನಾಲ್ಕು ಜನ, ಕ್ಲಾಸಲ್ಲಿ ನಲವತ್ತು! ಆಫೀಸ್ ರೂಮು ಯಾಕೆ ಹಿತ್ತಲಿಗೆ ಹೋಯ್ತು? ಗೇಟಲ್ಲಿ ಯಾರು ಬಂದ್ರು, ಯಾರು ಹೋದ್ರು, ಯಾರು ನೋಡ್ತಾರೆ?"

"ಹೆಡ್‌ಮಾಸ್ಟರೇ ಕೇಳಿದ್ದು. ಹಿಂದೆ ಗಾಳಿ ಚೆನ್ನಾಗಿದೆಯಂತೆ."

"ಮೇಲಿಂದ ಇಳಿಯೋಕೆ ಎರಡನೇ ಕಡೆ ಮೆಟ್ಟಿಲು ಎಲ್ಲೋ?"

"ಆ ಜಾಗ ಸ್ಟೋರ್ ರೂಮಿಗೆ ಹೋಯ್ತು. ಮುರಿದ ಬೆಂಚು ಎಲ್ಲಿಡೋದು ಮತ್ತೆ?"

ಮುರಿದ ಬೆಂಚಿಗೆ ಜಾಗವಿದೆ, ಓಡಿ ಬರುವ ಮಕ್ಕಳಿಗಿಲ್ಲ! ಎರಡು ದಿನ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಭಾನುವಾರ ಅವನ ಮನೆಗೇ ಹೋದೆ. ಅವನ ಮಗಳು ಈ ವರ್ಷ ಒಂದನೇ ಕ್ಲಾಸಿಗೆ ಸೇರುವವಳು. ಅವಳನ್ನೂ ಬೀದಿಯ ಹತ್ತು ಮಕ್ಕಳನ್ನೂ ಸಾಮಾನಿನ ಕೋಣೆಯಲ್ಲಿ ನಿಲ್ಲಿಸಿದೆ. ತಮ್ಮನನ್ನು ಅವರ ಹಿಂದೆ ನಿಲ್ಲಿಸಿ, ಬಾಗಿಲು ಮುಚ್ಚಿ, ಹೊರಗಿನಿಂದ "ಬೆಂಕಿ ಬಂತು, ಓಡಿ!" ಎಂದು ಕೂಗಿದೆ.

ಎಲ್ಲರೂ ನುಗ್ಗಿದರು. ಮುಂದಿದ್ದ ಮಗಳು ಬಾಗಿಲನ್ನು ಒಳಗೆ ಎಳೆಯಬೇಕು. ಬೆನ್ನ ಮೇಲೆ ಹತ್ತು ಜನರ ಭಾರ.

"ಅಪ್ಪಾ, ಬಾಗಿಲು ಬರ್ತಿಲ್ಲ! ಅಪ್ಪಾ!"

"ತಳ್ಳಬೇಡ್ರೋ! ಹಿಂದೆ ಸರೀರೋ!" ಗಂಟಲು ಹರಿಯುವಂತೆ ಅರಚಿದ ತಮ್ಮ. ಒಬ್ಬೊಬ್ಬರನ್ನೇ ಎಳೆದು ಹಾಕಿ ಬಾಗಿಲು ತೆರೆಯುವಷ್ಟರಲ್ಲಿ ಮಗು ಬಿಕ್ಕುತ್ತಿತ್ತು. ಮಕ್ಕಳ ಜೊತೆ ಇಂಥ ಆಟ ಆಡಬಾರದಿತ್ತು. ಆದರೆ ಬಾಯಿಮಾತು ಕೇಳುವ ಆಸಾಮಿಯೇ ಇವನು?

ಮಗಳನ್ನು ಎತ್ತಿಕೊಂಡೇ ತಮ್ಮ ನಕ್ಷೆಯ ಮುಂದೆ ಕೂತ. ಬಾಗಿಲುಗಳನ್ನೆಲ್ಲ ಅಳಿಸಿ ಹೊರಕ್ಕೆ ತೆರೆಯುವಂತೆ ಬರೆದ. ಆಫೀಸು ಗೇಟಿನ ಎದುರಿಗೆ ಬಂತು. ಸ್ಟೋರ್ ರೂಮು ಹೋಗಿ ಎರಡನೇ ಮೆಟ್ಟಿಲು ಬಂತು.

"ಅಲ್ಲಕ್ಕ, ಆ ಬೆಂಚುಗಳು..."

"ನಿನ್ನ ತಲೆ ಮೇಲಿಟ್ಕೋ!"

ನಿಮ್ಮೂರಲ್ಲೂ ಶಾಲೆ ಕಟ್ಟುತ್ತಿದ್ದಾರೆಯೇ? ಪಾಯ ತೋಡುವ ಮೊದಲೇ ಹೋಗಿ ನಕ್ಷೆ ಕೇಳಿ. ಬಾಗಿಲು ಎತ್ತ ತೆರೆಯುತ್ತದೆ, ಹೊರಬರಲು ಎರಡನೇ ದಾರಿ ಎಲ್ಲಿದೆ, ಗೇಟಿನ ಮೇಲೆ ಯಾರ ಕಣ್ಣಿದೆ ಎಂದು ಕೇಳಿ. ಬೈದರೆ ಬೈಯಲಿ. ಇವತ್ತು ತಿದ್ದಲು ರಬ್ಬರ್ ಸಾಕು, ಗೋಡೆ ಎದ್ದ ಮೇಲೆ ಸುತ್ತಿಗೆ ಬೇಕು. ಆ ಬಾಗಿಲ ಹಿಂದೆ ಕೂರುವುದು ನಿಮ್ಮ ಮಗು.